ಅಕ್ಕನ ಕೆಂಪು ಬಾಚಣಿಗೆ

ನಾನು ಚಿಕ್ಕವನಿದ್ದಾಗ, ಅಂದರೆ ನಿಮ್ಮಷ್ಟೇ ತರಲೆಯಾಗಿದ್ದಾಗ, ಆತಗೂರಿನ ನಮ್ಮ ಮನೆಯಲ್ಲಿ ರೀಲು ಹಾಕುವ ಒಂದು ಕ್ಯಾಮೆರಾ ಇತ್ತು. ಮೈಯೆಲ್ಲ ಕಪ್ಪು ಪ್ಲಾಸ್ಟಿಕ್ಕು. ಅದನ್ನು ಮುಟ್ಟುವ ಹಕ್ಕು ಅಪ್ಪನಿಗೆ ಮಾತ್ರ. ಆದರೆ ಅದರ ಮುಚ್ಚಳ ಒಡೆದವನು ನಾನು. ಅದೂ ಒಡೆಯಬಾರದ ದಿನವೇ ಒಡೆದೆ.

ಮಾರನೆಯ ಬೆಳಿಗ್ಗೆ ನಾವೆಲ್ಲ ಮುತ್ತತ್ತಿಗೆ ಹೊರಡಬೇಕಿತ್ತು. ಹಿಂದಿನ ವರ್ಷ ಅಕ್ಕ ಜ್ವರ ಬಂದು ವಾರಗಟ್ಟಲೆ ಮಲಗಿದ್ದಾಗ, ವಾಸಿಯಾದರೆ ಅವಳ ಮುಡಿ ಕೊಡಿಸುತ್ತೇನೆಂದು ಅವ್ವ ಅಲ್ಲಿನ ಆಂಜನೇಯನಿಗೆ ಹರಕೆ ಹೊತ್ತಿದ್ದಳು. ಅಕ್ಕನಿಗೆ ಆಗ ಹನ್ನೆರಡು ವರ್ಷ, ಜಡೆ ಸೊಂಟ ದಾಟಿತ್ತು. ಅತ್ತೂ ಕರೆದೂ ಕೊನೆಗೆ ಅವಳು ಒಪ್ಪಿದ್ದು ಒಂದೇ ಮಾತಿನ ಮೇಲೆ. ತಲೆ ಬೋಳಿಸುವ ಮುಂಚೆ ಜಡೆಯ ಜೊತೆ ಒಂದು ಫೋಟೊ ಬೇಕು.

ಅವಳು ಆ ದಿನ ಬೆಳಿಗ್ಗೆಯೇ ಸೀಗೇಕಾಯಿ ಹಚ್ಚಿ ಮಿಂದು, ಸಾಂಬ್ರಾಣಿ ಹೊಗೆಗೆ ಕೂದಲು ಹರಡಿ ಕೂತಿದ್ದಳು. ಅಪ್ಪ ಹೊಸ ರೀಲು ತರಲು ಹೋಗಿದ್ದ. ಅಷ್ಟರಲ್ಲಿ ನಾನು ದೊಡ್ಡ ಸಹಾಯ ಮಾಡುವವನ ಹಾಗೆ ಕ್ಯಾಮೆರಾದ ಹಿಂದಿನ ಮುಚ್ಚಳ ಎಳೆದೆ. ಚಟ್ ಎಂದಿತು. ಮೂಲೆಯ ಚೂರು ಪುಡಿಯಾಗಿ ಉದುರಿ, ಉದ್ದಕ್ಕೂ ಬಿರುಕು ಬಿಟ್ಟಿತು. ಆ ಸಂದಿಯಲ್ಲಿ ಬೆಳಕು ಒಳಗೆ ಹೋದರೆ ರೀಲು ಹಾಳು.

ಅಪ್ಪ ಬಂದವನೇ ನನ್ನ ಬೆನ್ನಿಗೆ ಎರಡು ಕೊಟ್ಟು, ರಿಪೇರಿಗೆ ಕೂತ.

"ಮದ್ದೂರಲ್ಲಿ ಸ್ಟುಡಿಯೋ ಐತಲ್ಲ, ಮಗೀನ ಕರ್ಕೊಂಡೋಗಿ ತೆಗೆಸ್ಕೊಂಡ್ ಬನ್ನಿ" ಎಂದಳು ಅವ್ವ.

"ಮನೇಲಿ ಕ್ಯಾಮ್ರಾ ಮಡಿಕಂಡು ಸ್ಟುಡಿಯೋಗೋದ್ರೆ ನೋಡ್ದೋರು ಏನಂದಾರು? ಸುಮ್ಕಿರು" ಎಂದ ಅಪ್ಪ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ. ಅಂಟು ಹಾಕಿದರೆ ಮುಚ್ಚಳ ಹಿಡಿಯಲಿಲ್ಲ, ಅಪ್ಪನ ಎರಡು ಬೆರಳು ಹಿಡಿದುಕೊಂಡವು. ಮೇಣ ತುಂಬಿದರೆ ಬಿಸಿಲಿಗೆ ಇಳಿದು ಹೋಯಿತು. ಮಧ್ಯಾಹ್ನವಾಯಿತು, ಅಕ್ಕ ಮುಡಿದ ಮಲ್ಲಿಗೆ ಬಾಡಿತು. ಅಪ್ಪನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು, ಆದರೆ ಸಿಟ್ಟು ಮಾಡಲು ನನಗೆ ಮುಖವಾದರೂ ಎಲ್ಲಿತ್ತು?

ಕೊನೆಗೆ ಅವ್ವನೇ, "ಒಡ್ದೋದ ಬಿಂದ್ಗೆ ಬೆಸೀತಾರಲ್ಲ, ಅಂಗ್ ಮಾಡಬಾರ್ದಾ?" ಎಂದಳು. ನಮ್ಮ ಬೀದಿಗೆ ಬರುತ್ತಿದ್ದ ಒಬ್ಬಾತ ಪ್ಲಾಸ್ಟಿಕ್ ಬಿಂದಿಗೆಯ ಬಿರುಕಿನ ಮೇಲೆ ಬೇರೊಂದು ಪ್ಲಾಸ್ಟಿಕ್ ಚೂರಿಟ್ಟು, ಕಾದ ಕಬ್ಬಿಣದಿಂದ ಕರಗಿಸಿ ಸವರುತ್ತಿದ್ದ. ಅಪ್ಪ ಸೀಮೆಎಣ್ಣೆ ಸ್ಟೌ ಹಚ್ಚಿ ಹಳೆಯ ಚಾಕು ಕಾಯಿಸಿದ. ತೇಪೆಗೆ ಪ್ಲಾಸ್ಟಿಕ್ಕಿಗಾಗಿ ಮನೆಯೆಲ್ಲ ತಡಕಾಡಿದೆವು. ಆಗ ಅಕ್ಕ ತನ್ನ ಕೆಂಪು ಬಾಚಣಿಗೆ ತಂದು ಅಪ್ಪನ ಮುಂದಿಟ್ಟಳು.

"ತಕ್ಕಳಪ್ಪ. ನಾಳೆಯಿಂದ ನಂಗಿದ್ಯಾಕೆ?"

 ಅಪ್ಪ ಅದರ ಹಲ್ಲು ಒಂದೊಂದೇ ಮುರಿದು ಕರಗಿಸಿದ. ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ತೇಪೆ ಗಟ್ಟಿಯಾಗಿ ಕೂತಿತು. ಸಂಜೆ ಬಿಸಿಲಿನಲ್ಲಿ ಅಕ್ಕನನ್ನು ಅಂಗಳದಲ್ಲಿ ನಿಲ್ಲಿಸಿ, ಎದುರಿನಿಂದ ಒಂದು, ಜಡೆ ಕಾಣುವಂತೆ ಬೆನ್ನು ತಿರುಗಿಸಿ ಒಂದು ಫೋಟೊ ತೆಗೆದ. ಇನ್ನೊಂದು ತೆಗಿ ಎಂದು ಅಕ್ಕ ಕೇಳಿದರೆ, "ಸಾಕು ಕಣಮ್ಮ, ರೀಲು ಉಳೀಲಿ" ಎಂದ.

ಫೋಟೊ ಬರುವ ಹೊತ್ತಿಗೆ ಅಕ್ಕನ ತಲೆಯಲ್ಲಿ ಕೂದಲು ಆಗಷ್ಟೇ ಮೊಳೆಯುತ್ತಿತ್ತು. ಎರಡರಲ್ಲೂ ಮೇಲಿನ ಭಾಗಕ್ಕೆ ಕೆಂಪು ಬೆಳಕು ಸುರಿದುಕೊಂಡಿತ್ತು. ಬಾಚಣಿಗೆಯ ಕೆಂಪು ಪ್ಲಾಸ್ಟಿಕ್ಕಿನ ಮೂಲಕ ಬೆಳಕು ನುಸುಳುತ್ತದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಒಂದರಲ್ಲಿ ಅಕ್ಕನ ಮುಖವೇ ಇಲ್ಲ. ಇನ್ನೊಂದರಲ್ಲಿ ತಲೆ ಕಾಣುತ್ತಿರಲಿಲ್ಲ, ಜಡೆ ಮಾತ್ರ ತುದಿಯ ಕುಚ್ಚಿನವರೆಗೂ ಇತ್ತು.

ಅಪ್ಪ ಫೋಟೊವನ್ನೇ ನೋಡುತ್ತಾ, ಅಭ್ಯಾಸದಂತೆ ಜೇಬಿನಿಂದ ತನ್ನ ಬಾಚಣಿಗೆ ತೆಗೆದು ಕ್ರಾಪು ತೀಡಿಕೊಂಡ. ಒಳ್ಳೆ ದಪ್ಪನೆಯ ಕಪ್ಪು ಬಾಚಣಿಗೆ. ಅವತ್ತು ಬೆಳಗಿನಿಂದ ಸಂಜೆಯವರೆಗೆ ಅದು ಅವನ ಜೇಬಿನಲ್ಲೇ ಇತ್ತು! ಇಷ್ಟು ವರ್ಷವಾದರೂ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ಅಕ್ಕ ಅಳಲಿಲ್ಲ. ಜಡೆಯ ಫೋಟೊ ಎತ್ತಿಕೊಂಡು ಒಳಗೆ ಹೋದಳು.

ಈಗ ನೀವು ಒಂದು ದೋಸೆಗೆ ಹತ್ತು ಫೋಟೊ ತೆಗೆದು, ಚೆನ್ನಾಗಿಲ್ಲವೆಂದು ಒಂಬತ್ತನ್ನು ಅಳಿಸುತ್ತೀರಿ. ಮಳವಳ್ಳಿಯಲ್ಲಿ ಅಕ್ಕನ ಮನೆಯ ಗೋಡೆಯ ಮೇಲಿರುವುದು ಆ ಒಂದೇ ಫೋಟೊ. ಮೊನ್ನೆ ನಿಮ್ಮಲ್ಲೊಬ್ಬ, ಫೋನಿನಲ್ಲೇ ಆ ಕೆಂಪು ಕಲೆ ಅಳಿಸಿಕೊಡುತ್ತೇನೆ ಎಂದು ಹೊರಟನಲ್ಲ, ಅಕ್ಕ ಅವನ ಕೈ ಹಿಡಿದುಕೊಂಡಳು.

"ಬುಡ್ಲಾ. ಅದು ಕಲೆ ಅಲ್ಲ, ನನ್ ಬಾಚಣ್ಗೆ ಕಣ್ಲಾ."