ಮಾವನವರು ಆರಿಸಿದ ಪಿಸ್ಟನ್‌ಗಳು

ನಾನು ಉಟಗಿಯಿಂದ ಜತ್ತಕ್ಕೆ ಜೀಪು ಓಡಿಸುತ್ತಿದ್ದೆ. ಹಿಂದೆ ಇಬ್ಬರು ಜೋತುಬಿದ್ದು, ಕಾಲಡಿ ಒಂದು ಕುರಿಮರಿ ಕೂತರೇನೇ ಅದು ತುಂಬಿದಂತೆ. ನನ್ನ ಹೆಂಡತಿಯ ತಂದೆ ಮಾಡಗ್ಯಾಳದ ಉಣ್ಣೆ ವ್ಯಾಪಾರಿ. ಅವರದು ಅದೇ ಕಂಪನಿಯ ಕಾರು. ಎಂಜಿನ್ ನಮ್ಮ ಜೀಪಿನದರ ಖಾಸಾ ಅಣ್ಣ. ನನ್ನನ್ನು ಹಿಂದೆ ಹಾಕುವಾಗಲೆಲ್ಲ ಮಾವನವರು ಕಿಟಕಿಯಿಂದ ಕೈ ಬೀಸಿ, "ಸಾವಕಾಶ ಬರ್ರಿ ಅಳಿಯಾರ!" ಎಂದು ಕೂಗಿ ಧೂಳು ಎಬ್ಬಿಸಿ ಹೋಗುತ್ತಿದ್ದರು.

ಎಪ್ಪತ್ತರ ದಶಕದ ಶುರುವಿನಲ್ಲಿ ಎರಡೂ ಗಾಡಿಗಳು ಹೊಗೆ ಕಾರತೊಡಗಿದವು. ಜತ್ತದ ಮಿಸ್ತ್ರಿ ಎರಡನ್ನೂ ಒಟ್ಟಿಗೆ ಬಿಚ್ಚಿದ. ಕಂಪನಿಯ ಪಿಸ್ಟನ್ ಸಿಗಲಿಲ್ಲ. ಸಾಂಗಲಿಯಿಂದ ಬೇರೆ ಯಾರೋ ತಯಾರಿಸಿದವನ್ನು ತರಿಸಿದೆವು. ಎರಡೂ ಗಾಡಿಗಳ ಪಿಸ್ಟನ್‌ಗಳ ದಪ್ಪ ಒಂದೇ, ಅವನ್ನು ಕೂಡಿಸುವ ಪಿನ್ನೂ ಒಂದೇ. ಕಾರಿನವುಗಳ ತಲೆ ಮಾತ್ರ ತುಸು ಎತ್ತರ. ಆದರೆ ಜೀಪಿನವು ಕನ್ನಡಿಯಂತೆ ಹೊಳೆಯುತ್ತಿದ್ದವು, ಕಾರಿನವು ಮಂಕಾಗಿದ್ದವು.

"ಈ ಹೊಳ್ಯಾವು ನನ್ನ ಕಾರಿಗಿ ಹಾಕು," ಎಂದರು ಮಾವನವರು.

"ಅವು ಜೀಪಿನವು ರೀ ಸಾವಕಾರ್ರ. ಕೂಡತಾವ ಖರೆ, ತಲಿ ಗಿಡ್ಡ ಅದಾವ, ಗಾಡಿ ಜೋರು ಕಮ್ಮಿ ಆಗತದ," ಎಂದ ಮಿಸ್ತ್ರಿ.

"ನನಗ ಕಲಸಬ್ಯಾಡ. ಆ ಮಬ್ಬು ಪಿಸ್ಟನ್ ಅಳಿಯಾರ ಜೀಪಿಗಿ ಇರಲಿ."

ಮಿಸ್ತ್ರಿ ನನ್ನ ಮುಖ ನೋಡಿದ. "ಹಿರ್ಯಾರು ಅಂದಾಂಗ ಆಗಲಿ," ಎಂದೆ, ಭಾಳ ಸಭ್ಯನಾಗಿ.

ಮುಂದಿನ ವಾರ ಡಫಳಾಪುರದಲ್ಲಿ ಒಂದು ಮದುವೆ. ದಾರಿಯ ಏರಿನಲ್ಲಿ ಮಾವನವರ ಕಾರು ಏದುಸಿರು ಬಿಡುತ್ತಿತ್ತು. ಜನ ತುಂಬಿದ ನಮ್ಮ ಜೀಪು ಅದನ್ನು ದಾಟಿ ಮುಂದೆ ನುಗ್ಗಿತು. ನನ್ನ ಪಕ್ಕದಲ್ಲಿದ್ದ ಹೆಂಡತಿ ಹೊರಗೆ ಬಾಗಿ, "ಸಾವಕಾಶ ಬಾ ಅಪ್ಪಾ!" ಎಂದು ಕೂಗಿದಳು. ಅವತ್ತು ಊಟದ ಪಂಕ್ತಿಯಲ್ಲಿ ಮಾವನವರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಆದರೆ ನನ್ನ ಸೊಕ್ಕು ಬಹಳ ಕಾಲ ಉಳಿಯಲಿಲ್ಲ. ಎತ್ತರ ತಲೆಯ ಪಿಸ್ಟನ್ ಒಳಗಿನ ಹವೆಯನ್ನು ಬಿಗಿಯಾಗಿ ಒತ್ತುತ್ತಿತ್ತು. ಖರ್ಚು ಉಳಿಸಲು ಪೆಟ್ರೋಲಿಗೆ ಚೂರು ಚಿಮಣಿ ಎಣ್ಣೆ ಬೆರೆಸಿದರೂ ಎಂಜಿನ್ ಒಳಗೆ ಕಲ್ಲು ಕುಟ್ಟಿದ ಸದ್ದು. ಗಾಡಿ ಶುರು ಮಾಡಲು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರೆ ರಟ್ಟೆ ಕಿತ್ತು ಬರುತ್ತಿತ್ತು. ಬ್ಯಾಟರಿಯೋ ಸದಾ ನಿದ್ದೆಯಲ್ಲಿ. ದಿನಾ ಪ್ರಯಾಣಿಕರೇ ಇಳಿದು ತಳ್ಳಬೇಕು.

ಒಂದು ಮುಂಜಾನೆ ಮಾವನವರು ಬಂದರು. "ನಿಮ್ಮ ತ್ರಾಸ ನೋಡಾಕ ಆಗವಲ್ದು. ನಿಮ್ಮ ಸಲುವಾಗಿ ಪಿಸ್ಟನ್ ಅದಲಿ ಬದಲಿ ಮಾಡೂಣು," ಎಂದರು.

"ನಿಮ್ಮ ಸಲುವಾಗಿ ನಾನೂ ಒಪ್ಪೀನಿ," ಎಂದೆ. ಇಬ್ಬರೂ ಗಂಭೀರವಾಗಿ ಚಹಾ ಕುಡಿದೆವು.

ಅಡ್ಡ ಬಂದವರು ಅತ್ತೆಯವರು. ಗಿಡ್ಡ ಪಿಸ್ಟನ್ನಿನಿಂದ ಮೆತ್ತಗಾದ ಕಾರಿನ ಹ್ಯಾಂಡಲನ್ನು ಅವರು ಒಂದೇ ಕೈಯಲ್ಲಿ ತಿರುಗಿಸಿ, ಗಂಡ ಬಸ್ಸಿನಲ್ಲಿ ಉಣ್ಣೆ ಸಂತೆಗೆ ಹೋದಾಗಲೆಲ್ಲ ಹೊಲದಲ್ಲಿ ಓಡಿಸುವುದನ್ನು ಕಲಿತುಬಿಟ್ಟಿದ್ದರು! "ಕಾರು ಈಗ ನನ್ನ ಮಾತು ಕೇಳತದ. ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ," ಎಂದರು.

ಕೊನೆಗೆ ನಾನು ಸಾಂಗಲಿಯಿಂದ ಜೀಪಿಗೆ ಅದರದೇ ಗಿಡ್ಡ ತಲೆಯ ಹೊಸ ಪಿಸ್ಟನ್ ತರಿಸಿದೆ. ಕಾರನ್ನು ಯಾರೂ ಬಿಚ್ಚಲಿಲ್ಲ. ಅತ್ತೆಯವರು ತಲೆ ಮೇಲೆ ಸೆರಗು ಎಳೆದು ಜತ್ತಕ್ಕೆ ಓಡಿಸುತ್ತಿದ್ದರು. ಪಕ್ಕದಲ್ಲಿ ಮಾವನವರು ಉಣ್ಣೆಯ ಗಂಟು ತೊಡೆಯ ಮೇಲಿಟ್ಟುಕೊಂಡು, "ಗೇರ್ ಬದಲ್ಸು, ಗೇರ್ ಬದಲ್ಸು," ಎನ್ನುತ್ತ ಕೂತಿರುತ್ತಿದ್ದರು.