ಹಸಿರು ಅಕ್ಷರದಾಗ ಸಿಕ್ಕ ಡಾಕ್ಟರು

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ರಾಯಚೂರಿನ ಒಂದು ಸೇವಾಸಂಸ್ಥೆಯಲ್ಲಿ ಟೈಪಿಸ್ಟ್ ಆಗಿದ್ದೆ. ತಾಲ್ಲೂಕುಗಳಲ್ಲಿ ಕಣ್ಣಿನ ಶಿಬಿರ ನಡೆಸುವುದು ಸಂಸ್ಥೆಯ ಮುಖ್ಯ ಕೆಲಸ. ಚಳಿಗಾಲ ಬಂತೆಂದರೆ ಮಾನ್ವಿಯಲ್ಲೋ ದೇವದುರ್ಗದಲ್ಲೋ ಒಂದು ಶಾಲೆ ಖಾಲಿ ಮಾಡಿಸಿ, ಬೇರೆ ಬೇರೆ ಊರುಗಳಿಂದ ಡಾಕ್ಟರುಗಳನ್ನು ಕರೆಸಿ, ಹಳ್ಳಿಯವರ ಕಣ್ಣಿನ ಪೊರೆ ತೆಗೆಸುತ್ತಿದ್ದರು. ಡಾಕ್ಟರಿಗೆ ಹೋಗುವ ಪತ್ರ, ಔಷಧದ ಅಂಗಡಿಗೆ ಹೋಗುವ ಪತ್ರ, ಹಾಸಿಗೆ ಹೊದಿಕೆ ಕಳಿಸುವವರಿಗೆ ಹೋಗುವ ಪತ್ರ, ಎಲ್ಲ ನನ್ನ ಬೆರಳಿನಿಂದಲೇ ಹೋಗಬೇಕು. ಎಲ್ಲವೂ ಇಂಗ್ಲಿಷಿನಲ್ಲಿ.

ಆ ಕಚೇರಿಗೆ ಹೈದರಾಬಾದಿನ ದಾನಿಯೊಬ್ಬರು ಒಂದು ಕಂಪ್ಯೂಟರ್ ಕೊಟ್ಟರು. ಅದಕ್ಕೆಂದೇ ಮೂಲೆಯ ಕೋಣೆಗೆ ಸುಣ್ಣ ಬಳಿಸಿ, ಕಿಟಕಿಗೆ ಪರದೆ ಹಾಕಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಯಂತ್ರದ ಜೊತೆ ಬಂದ ತರುಣನೊಬ್ಬ ನನಗೆ ಪತ್ರ ಬರೆಯುವುದು, ಉಳಿಸುವುದು, ಅಚ್ಚು ತೆಗೆಯುವುದು ಇಷ್ಟನ್ನು ಕಲಿಸಿ ಹೈದರಾಬಾದಿಗೆ ಹೊರಟುಹೋದ. ಕರೆಂಟ್ ಇದ್ದಾಗ ಕಂಪ್ಯೂಟರಿನಲ್ಲಿ, ಇಲ್ಲದಾಗ ಹಳೆ ಟೈಪ್‌ರೈಟರಿನಲ್ಲಿ ನನ್ನ ಕೆಲಸ ನಡೆಯುತ್ತಿತ್ತು. ಪತ್ರಕ್ಕೆ ಉದ್ದ ಹೆಸರು ಇಡಲು ಆ ಯಂತ್ರ ಬಿಡುತ್ತಿರಲಿಲ್ಲ. ಹಾಗಾಗಿ ಒಂದೊಂದಕ್ಕೂ ಬರೀ ನಂಬರು ಕೊಟ್ಟು ಉಳಿಸುತ್ತ ಹೋದೆ. ಯಾವ ನಂಬರಿನಲ್ಲಿ ಯಾವ ಪತ್ರ ಕೂತಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳುವ ಪ್ರಸಂಗವೂ ಬಂದಿರಲಿಲ್ಲ.

ಯಂತ್ರ ಬಂದು ಎರಡು ವರ್ಷ ಕಳೆದಿರಬಹುದು. ಒಂದು ಮಧ್ಯಾಹ್ನ ನೀರಮಾನ್ವಿ ಕಡೆಯ ಕುರಿಗಾರರ ಮನೆಯ ಮುದುಕಿಯೊಬ್ಬಳು ಸೊಸೆಯ ಜೊತೆ ಕಚೇರಿಗೆ ಬಂದಳು. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ಯಂತ್ರ ಬಂದ ವರ್ಷ ನಡೆದ ಮಾನ್ವಿಯ ಶಿಬಿರದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಎಡಗಣ್ಣಿನ ಪೊರೆ ಇನ್ನೂ ಬಲಿತು ಹಣ್ಣಾಗಿಲ್ಲ, ಹಣ್ಣಾದ ಮೇಲೆ ಬಾ ಎಂದು ಡಾಕ್ಟರು ಹೇಳಿ ಕಳಿಸಿದ್ದರಂತೆ.

"ಈಗ ಹಣ್ಣಾಗ್ಯಾದ. ಆ ಡಾಕ್ಟರ್‌ನ ಕರಸ್ರಿ" ಅಂದಳು.

ಡಾಕ್ಟರ ಹೆಸರೇನೆಂದು ಕೇಳಿದೆ.

"ನನ್ನ ಹೆಸರು ಆತ ಕೇಳಿದ. ಆತಂದು ನಾ ಕೇಳಲಿಲ್ಲ ನೋಡವ್ವ."

ಈ ಚಳಿಗಾಲಕ್ಕೆ ದೇವದುರ್ಗದಲ್ಲಿ ಶಿಬಿರ ಇದೆ, ಒಳ್ಳೆಯ ಡಾಕ್ಟರುಗಳು ಬರುತ್ತಾರೆ, ಯಾರು ಮಾಡಿದರೂ ಒಂದೇ ಎಂದು ಹೇಳಿ ನೋಡಿದೆ. ಆಕೆ ಒಪ್ಪಲಿಲ್ಲ. ಸೊಸೆ ಮೆಲ್ಲಗೆ ವಿಷಯ ತಿಳಿಸಿದಳು. ಅತ್ತೆ ಸ್ವಂತ ಕಾಲಿಗೆ ಮುಳ್ಳು ಚುಚ್ಚಿದರೂ ಇನ್ನೊಬ್ಬರಿಗೆ ತೆಗೆಯಲು ಕೊಡುವವಳಲ್ಲ. ಕಣ್ಣಿಗೆ ಕತ್ತರಿ ಅಂದಾಗ ಶಿಬಿರ ಬಿಟ್ಟು ಓಡಿಹೋಗಲು ಎದ್ದಿದ್ದಳು. ಆ ಡಾಕ್ಟರು ಮಾತ್ರ ಪಕ್ಕದಲ್ಲಿ ಕೂತು ಈಗ ಹಿಂಗ ಮಾಡ್ತೀನಿ, ಈಗ ಹಂಗ ಮಾಡ್ತೀನಿ ಎಂದು ಹೇಳುತ್ತ ಹೇಳುತ್ತ ಕೆಲಸ ಮುಗಿಸಿದ್ದರು. ಅವರಲ್ಲದೆ ಬೇರೆಯವರಿಗೆ ಕಣ್ಣು ಮುಟ್ಟಲು ಕೊಡುವುದಿಲ್ಲ ಎಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು.

ಮಾನ್ವಿಯ ಆ ಶಿಬಿರಕ್ಕೆ ಹಲವು ಡಾಕ್ಟರುಗಳು ಬಂದಿದ್ದರು. ಯಾರು ಯಾರ ಕಣ್ಣು ಮಾಡಿದರೆಂದು ನೋಡೋಣವೆಂದರೆ ಆ ವರ್ಷದ ಕಾಗದವನ್ನೆಲ್ಲ ಗೆದ್ದಲು ತಿಂದಿತ್ತು. ಬೇರೆ ಏನಾದರೂ ಗುರುತು ಉಂಟೇ ಎಂದೆ. ಆಕೆ, ನಾನು ನೂತ ಉಣ್ಣೆಯ ಕಂಬಳಿಯೊಂದನ್ನು ಡಾಕ್ಟರಿಗೆ ಕೊಟ್ಟಿದ್ದೆ, ಹೊರಡುವ ಗಡಿಬಿಡಿಯಲ್ಲಿ ಅವರು ಅದನ್ನು ಬಿಟ್ಟುಹೋದರು, ನಿಮ್ಮವರು ಟಪಾಲಿಗೆ ಹಾಕುತ್ತೇವೆ ಅಂದಿದ್ದರು ಎಂದಳು.

ಹಾಗಿದ್ದರೆ ಕಂಬಳಿಯ ಜೊತೆ ಒಂದು ಪತ್ರ ಹೋಗಿರಬೇಕು. ಅದನ್ನು ನಾನೇ ಬರೆದಿರಬೇಕು. ಕಂಪ್ಯೂಟರಿನ ಪರದೆಯ ಮೇಲೆ ನಂಬರುಗಳು ಮೇಲಿಂದ ಕೆಳಗೆ ಸಾಲುಗಟ್ಟಿ ನಿಂತಿದ್ದವು. ಒಂದೊಂದೇ ತೆರೆದು ಓದಲು ಕೂತರೆ ವಾರ ಬೇಕು, ಅದೂ ಕರೆಂಟ್ ಇದ್ದರೆ. ಆದರೂ ಶುರು ಮಾಡಿದೆ.

ನಮ್ಮ ಕಚೇರಿಯಲ್ಲಿ ಲೆಕ್ಕ ನೋಡುವ ಹಿರಿಯರೊಬ್ಬರಿದ್ದರು. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಯಂತ್ರದ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಊಟದ ಬಿಡುವಿನಲ್ಲಿ ನಾವಿಬ್ಬರೂ ಆಗಾಗ ತಿರುವಿಹಾಕಿದ್ದುಂಟು, ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ನಾನು ಪತ್ರ ತೆರೆಯುವುದು ಮುಚ್ಚುವುದು ನೋಡಿ ಅವರು ಆ ಪುಸ್ತಕ ತಂದರು. ಹುಡುಕುವುದಕ್ಕೇ ಒಂದು ಆಜ್ಞೆ ಇದ್ದಂತೆ ನೆನಪು ಎಂದರು. ಇಬ್ಬರೂ ಪುಟ ತಿರುವಿದೆವು. ಇತ್ತು. ಒಂದು ಪದ ಕೊಟ್ಟರೆ ಅದು ಯಾವ ಪತ್ರದ ಯಾವ ಸಾಲಿನಲ್ಲಿದೆಯೋ ಆ ಸಾಲನ್ನೇ ಎತ್ತಿ ತೋರಿಸುತ್ತದಂತೆ. ಹೊಸದಾಗಿ ಏನನ್ನೂ ತರಿಸಬೇಕಿರಲಿಲ್ಲ. ಬಂದ ದಿನದಿಂದ ಅದು ಯಂತ್ರದ ಒಳಗೇ ಇತ್ತು.

ಪುಸ್ತಕದಲ್ಲಿದ್ದ ಸಾಲನ್ನು ಚುಕ್ಕೆ ತಪ್ಪದಂತೆ ಹೊಡೆದು, ಇಂಗ್ಲಿಷಿನಲ್ಲಿ ಬ್ಲಾಂಕೆಟ್ ಎಂಬ ಪದ ಕೊಟ್ಟೆ. ಯಂತ್ರ ಗುರ್‍ರೆಂದಿತು. ಆಮೇಲೆ ಹಸಿರು ಅಕ್ಷರಗಳು ಒಂದರ ಹಿಂದೊಂದು ಹೊರಬರತೊಡಗಿದವು. ನಾನು ಎಂದೋ ಬರೆದು ಮರೆತಿದ್ದ ಸಾಲುಗಳು. ಇಂಥ ಶಿಬಿರಕ್ಕೆ ಇಷ್ಟು ಬ್ಲಾಂಕೆಟ್ ಕಳಿಸಿ, ಬಂದ ಬ್ಲಾಂಕೆಟ್ ಹರಿದಿವೆ, ಬ್ಲಾಂಕೆಟ್ ಇನ್ನೂ ತಲುಪಿಲ್ಲ. ಎರಡು ವರ್ಷದ ನನ್ನದೇ ಮಾತು ಕರೆದ ಕೂಡಲೆ ಎದ್ದು ಬರುತ್ತಿತ್ತು. ಚಾಚಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಾಗಿಲಲ್ಲಿ ಕೂತಿದ್ದ ಮುದುಕಿ, "ಇರಿವಿ ಸಾಲು ಹೊಂಟಂಗ ಹೊಂಟಾವು" ಅಂದಳು.

ಆದರೆ ಎಲ್ಲವೂ ಹಾಸಿಗೆಯವರಿಗೆ ಬರೆದ ಸಾಲುಗಳೇ. ಡಾಕ್ಟರು ಸಿಗಲಿಲ್ಲ.

ಚಾಚಾ ನನ್ನ ಕಡೆ ತಿರುಗಿದರು. "ಬೇಟಿ, ಅದು ಬ್ಲಾಂಕೆಟ್ ಅಲ್ಲ, ಕಂಬಳಿ. ಅದಕ್ಕ ನೀನು ಇಂಗ್ಲಿಷ್ ಹೆಸರು ಹಚ್ಚಿರ್ಲಿಕ್ಕಿಲ್ಲ."

ಹೌದೆನಿಸಿತು. ಕುರಿಗಾರರ ಮನೆಯ ಕಂಬಳಿಗೆ ಬ್ಲಾಂಕೆಟ್ ಎಂದು ಬರೆಯಲು ನನಗೆ ಮನಸ್ಸು ಬಂದಿರಲಾರದು. ಕಂಬಳಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಏನೂ ಬರಲಿಲ್ಲ. ನಡುವಿನ ಒಂದಕ್ಷರ ಬಿಟ್ಟು ಕಂಬ್ಳಿ ಎಂದು ಹೊಡೆದೆ. ಅದೂ ಇಲ್ಲ. ಹೊರಗೆ ಸಂಜೆಯಾಗುತ್ತಿತ್ತು, ಮಾನ್ವಿ ಬಸ್ಸಿಗೆ ಹೊತ್ತಾಯಿತೆಂದು ಸೊಸೆ ಚಡಪಡಿಸುತ್ತಿದ್ದಳು. ಆಗ ನನಗೆ ಹೊಳೆಯಿತು. ಪೂರ್ತಿ ಪದ ಕೊಟ್ಟರೆ ತಾನೆ ಒಂದಕ್ಷರ ಹೆಚ್ಚುಕಡಿಮೆಯಾಗಿ ತಪ್ಪುವುದು? ತಪ್ಪುವ ಸಂಭವ ಕಡಿಮೆಯಿರುವ ನಡುವಿನ ತುಂಡನ್ನಷ್ಟೇ ಕೊಟ್ಟರೆ? ಮೊದಲ ಅಕ್ಷರ ಬಿಟ್ಟೆ, ಕೊನೆಯದನ್ನೂ ಬಿಟ್ಟೆ, 'ಅಂಬ್ಳ್' ಎಂಬಷ್ಟನ್ನೇ ಹೊಡೆದೆ.

ಯಂತ್ರ ಬಹಳ ಹೊತ್ತು ಗುರುಗುಟ್ಟಿತು. ಒಂದೇ ಒಂದು ಸಾಲು ಬಂತು. ನೀವು ಮಾನ್ವಿಯಲ್ಲಿ ಮರೆತ ಕಂಬ್ಳಿಯನ್ನು ಈ ಪತ್ರದೊಂದಿಗೆ ಕಳಿಸಿದೆ ಎಂದಿತ್ತು. ಗೌರವಕ್ಕೋ ಏನೋ, ನಾನು ಕಂಬ್ಳಿಯ ಮೊದಲ ಅಕ್ಷರವನ್ನು ಇಂಗ್ಲಿಷಿನ ಕ್ಯಾಪಿಟಲ್‌ನಲ್ಲಿ, ದೊಡ್ಡದಾಗಿ ಬರೆದಿದ್ದೆ. ಯಂತ್ರಕ್ಕೆ ದೊಡ್ಡ ಅಕ್ಷರ ಬೇರೆ, ಸಣ್ಣದು ಬೇರೆ. ಅದಕ್ಕೇ ಅಷ್ಟು ಹೊತ್ತು ಕಂಡಿರಲಿಲ್ಲ. ಆ ಪತ್ರ ತೆರೆದರೆ ತಲೆಯ ಮೇಲೆ ಡಾಕ್ಟರ ಹೆಸರು, ವಿಳಾಸ.

ನಾನು ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೆ. ಚಾಚಾ ಬಹಳ ಮೆಲ್ಲಗೆ "ಸುಭಾನಲ್ಲಾ" ಅಂದರು. ಮುದುಕಿಗೆ ಮಾತ್ರ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಬರೆದಿಟ್ಟವರಿಗೆ ಸಿಗದೆ ಇನ್ನಾರಿಗೆ ಸಿಕ್ಕೀತು ಎಂಬಂತೆ ಎದ್ದು, ಬಸ್ಸಿಗೆ ಹೊರಟಳು.

ಅಂದೇ ಡಾಕ್ಟರಿಗೆ ಪತ್ರ ಬರೆದೆ. ಬಹಳ ದಿನ ಉತ್ತರವಿಲ್ಲ. ಅವರು ಆ ಆಸ್ಪತ್ರೆ ಬಿಟ್ಟಿದ್ದರು, ನನ್ನ ಪತ್ರ ಊರಿಂದೂರಿಗೆ ತಿರುಗಿ ಅವರನ್ನು ಮುಟ್ಟಿತ್ತು. ಕೊನೆಗೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ದೇವದುರ್ಗದ ಶಿಬಿರಕ್ಕೆ ಬರುತ್ತೇನೆ, ಆಕೆಗೆ ತಿಳಿಸಿ ಎಂದು ಬರೆದಿದ್ದರು.

ಹೆಸರು ಬರೆದುಕೊಳ್ಳುವ ಕೆಲಸಕ್ಕೆ ನಾನೂ ದೇವದುರ್ಗಕ್ಕೆ ಹೋಗಿದ್ದೆ. ಸಾಲಿನಲ್ಲಿ ಆಕೆಯ ಸರದಿ ಬಂದಾಗ ಡಾಕ್ಟರು ಮುಖ ನೋಡಿ ಗುರುತಿಸಲಿಲ್ಲ. ಟಾರ್ಚ್ ಹಿಡಿದು ಬಲಗಣ್ಣಿನೊಳಗೆ ಇಣುಕಿ, ಇದು ನನ್ನ ಕೈಕೆಲಸವೇ ಎಂದರು. ಆಕೆ ಅವರ ದನಿ ಕೇಳಿಯೇ ಹೆಗಲು ಸಡಿಲಿಸಿ ಕೂತಿದ್ದಳು. ಒಳಗೆ ಹೋಗುವಾಗ ಕೇಳಿದ್ದು ಒಂದೇ, ಹೋದ ಸಲದಂಗ ಹೇಳಿಕೋತ ಮಾಡ್ರಿ ಅಂತ. ಅವರು ಹಾಗೆಯೇ ಮಾಡಿದರಂತೆ.

ಕೆಲವು ವಾರ ಕಳೆದು ಹೊಸ ಕನ್ನಡಕ ಹಂಚುವ ದಿನ ಮತ್ತೆ ದೇವದುರ್ಗಕ್ಕೆ ಹೋದೆ. ಆಕೆ ಕನ್ನಡಕ ಹಾಕಿಕೊಂಡು ಮೊದಲು ತನ್ನ ಎರಡೂ ಅಂಗೈ ನೋಡಿಕೊಂಡಳು. ಆಮೇಲೆ ಸೊಸೆಯ ಗಲ್ಲ ಹಿಡಿದು ಹತ್ತಿರ ತಂದು, ದೂರ ಸರಿಸಿ, ಮತ್ತೆ ಹತ್ತಿರ ತಂದಳು.

ನನ್ನ ತವರು ಮಾನ್ವಿ. ಸಂಜೆಯ ಬಸ್ಸಿನಲ್ಲಿ ಮೂವರೂ ಜೊತೆಗೇ ಹೊರಟೆವು. ಸಿರವಾರ ಹತ್ತಿರವಾಗುತ್ತಿದ್ದಂತೆ ಕಾಲುವೆಯ ನೀರು ನಿಂತ ಗದ್ದೆಗಳು ಎರಡೂ ಕಡೆ ಹರಡಿಕೊಂಡವು. ಆಗಷ್ಟೇ ನಾಟಿಯಾಗಿತ್ತು. ಆಕೆ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು.

"ಒಂದು ಕಣ್ಣಿದ್ದಾಗ ಎಲ್ಲಾ ಗ್ವಾಡಿ ಮ್ಯಾಲ ಚಿತ್ರ ಬರದಂಗ ಕಾಣ್ತಿತ್ತು" ಅಂದಳು. "ಈಗ ಯಾವುದು ಮುಂದ, ಯಾವುದು ಹಿಂದ, ತಿಳಿಯಾಕತ್ತದ."

ಗದ್ದೆಯಿಂದ ಒಂದು ಬೆಳ್ಳಕ್ಕಿ ಎದ್ದಿತು. ಕಾಲುವೆಯ ಏರಿ ದಾಟಿ, ಹೊತ್ತು ಮುಳುಗುವ ಕಡೆ ಹೋಯಿತು. ಆಕೆಯ ಮುಖ ಅದರ ಹಿಂದೆಯೇ ತಿರುಗುತ್ತ ಹೋಯಿತು. ಹೋತೇನು ಅತ್ತಿ ಎಂದು ಸೊಸೆ ಕೇಳಿದಳು.

"ಇಲ್ಲ, ಇನ್ನೂ ಕಾಣಾಕತ್ತದ."

ನನಗೆ ಆಗಲೇ ಕಾಣುತ್ತಿರಲಿಲ್ಲ.