ವಿಷಯ ಇಟ್ಟು ಹೋದವರು

ಕಾಲಿಗೆ ಚಕ್ರ ಕಟ್ಟಿಕೊಂಡವನು ಎಂದು ನನ್ನನ್ನು ಬೈಯದವರು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ. ಧಾರವಾಡ ಕಡೆ, ಮೊರಬದ ಬಾಜೂಕಿನ ಹಳ್ಳಿ ನಮ್ಮದು. ಅಲ್ಲಿನ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರ. ಓಡುವುದು, ಓಡಿಸುವುದು, ಸೀಟಿ ಊದುವುದು, ಇಷ್ಟೇ ನನ್ನ ವಿದ್ಯೆ. ಊರಲ್ಲಿ ಯಾರಿಗೆ ತೊಂದರೆ ಬಂದರೂ ಮೊದಲು ಬೈಕ್ ಹೊರಗೆ ತೆಗೆಯುವವನು ನಾನೇ. ಪ್ರಾರ್ಥನೆ ಮಾಡುತ್ತಿರಲಿಲ್ಲವೆಂದಲ್ಲ. ಕ್ರೈಸ್ತರ ಮನೆಯಲ್ಲಿ ಹುಟ್ಟಿ ಬೆಳೆದವನು, ಭಾನುವಾರದ ಆರಾಧನೆ ತಪ್ಪಿಸಿದವನಲ್ಲ. ಆದರೆ ನನ್ನ ಪ್ರಾರ್ಥನೆ ಮೇಲಧಿಕಾರಿಗೆ ವರದಿ ಒಪ್ಪಿಸಿದ ಹಾಗಿರುತ್ತಿತ್ತು. ಕರ್ತನೇ, ಇಷ್ಟು ಮಾಡಿದ್ದೇನೆ, ಉಳಿದದ್ದನ್ನು ನಾಳೆ ಮಾಡುತ್ತೇನೆ, ನೀನು ಸಹಿ ಹಾಕಿದರೆ ಸಾಕು.

ಮುಂಗಾರು ಹಿಡಿಯುವ ಮೊದಲು ನಮ್ಮ ಕಡೆಯ ಮಣ್ಣಿನ ಮಾಳಿಗೆಗಳ ಮೇಲೆ ಸವಳು ಮಣ್ಣು ಹಾಕಿ ತುಳಿದು ಗಟ್ಟಿ ಮಾಡಬೇಕು, ಇಲ್ಲದಿದ್ದರೆ ಮನೆ ಸೋರುತ್ತದೆ. ಅದು ಒಬ್ಬರ ಕೆಲಸವಲ್ಲ. ನಮ್ಮ ಚರ್ಚಿನ ಸಭೆಯ ಗಂಡಸರು ಭಾನುವಾರ ಆರಾಧನೆ ಮುಗಿಸಿಕೊಂಡು ಬರುತ್ತೇವೆ ಎಂದಿದ್ದರು. ಅಲ್ಲಿಯವರೆಗೆ ತಡೆಯಿರಿ ಎಂದು ಹೆಂಡತಿಯೂ ಹೇಳಿದ್ದಳು. ಶುಕ್ರವಾರ ಮೋಡ ಕಟ್ಟಿತು. ಇನ್ನೊಬ್ಬರ ದಾರಿ ಕಾಯುತ್ತಾ ಕೂರುವುದು ನನ್ನ ಜಾಯಮಾನವೇ ಅಲ್ಲ. ಬುಟ್ಟಿ ಹೊತ್ತು ಒಬ್ಬನೇ ಏಣಿ ಹತ್ತತೊಡಗಿದೆ. ಅರ್ಧ ಮಾಳಿಗೆ ಮುಗಿದಿತ್ತು, ಏಣಿ ಜಾರಿತು. ಕಟ್ಟೆಯ ಕಲ್ಲು ನನ್ನ ಬೆನ್ನಿಗೆ ಸಿಕ್ಕಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬೆನ್ನಿನ ಆಪರೇಷನ್ ಆಯಿತು. ಎಲುಬು ಕೂಡಿಕೊಳ್ಳುತ್ತದೆ, ಆದರೆ ಎಡಗಾಲಿಗೆ ಹೋಗುವ ನರಕ್ಕೆ ಪೆಟ್ಟಾಗಿದೆ, ಆ ಪಾದದಲ್ಲಿ ಮತ್ತೆ ಜೀವ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಬರುವುದಕ್ಕೆ ನಾನೇನು ಮಾಡಬೇಕು ಎಂದು ಕೇಳಿದೆ. ಹೇಳಿದ ವ್ಯಾಯಾಮ ಮಾಡಿ, ಆಮೇಲೆ ಕಾಯಿರಿ ಎಂದರು. ಕಾಯುವುದೂ ಒಂದು ಔಷಧವೇನು ಎಂದು ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿಕೊಂಡು ಎದ್ದು ಹೋಗುವ ಹಾಗೂ ಇರಲಿಲ್ಲ.

ಪಡಸಾಲೆಯಲ್ಲಿ ಬೆಳಕಿಂಡಿಯ ಕೆಳಗೆ ಮಂಚ ಹಾಕಿದರು. ಅಂಗಾತ ಮಲಗಿ ಆ ಚೌಕಾಕಾರದ ಆಕಾಶ ನೋಡುವುದೇ ಕೆಲಸ. ನನ್ನ ಆಸ್ಪತ್ರೆಯ ಓಡಾಟದಲ್ಲಿ ಆ ಭಾನುವಾರ ತಪ್ಪಿಸಿಕೊಂಡಿದ್ದ ಸಭೆಯ ಗಂಡಸರು ಈಗ ಬಂದು ಮಾಳಿಗೆಯ ಉಳಿದರ್ಧಕ್ಕೆ ಮಣ್ಣು ಹಾಕುತ್ತಿದ್ದರೆ ನಾನು ಕೆಳಗಿನಿಂದ ಕೂಗುತ್ತಿದ್ದೆ: ಮೂಲೆಗೆ ಹಾಕಿ, ಇಳಿಜಾರು ನೋಡಿಕೊಳ್ಳಿ, ಸರಿಯಾಗಿ ತುಳಿಯಿರಿ. ಅವರು ಕಿಂಡಿಯಲ್ಲಿ ಇಣುಕಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ದಿನಾ ಬೆಳಗ್ಗೆ ಎಡಪಾದಕ್ಕೆ ಸಾವಧಾನ್, ವಿಶ್ರಾಮ್ ಎಂದು ಹುಕುಂ ಕೊಡುತ್ತಿದ್ದೆ. ಹಿಂದಿನ ಸಾಲಿನ ಮೊಂಡ ಹುಡುಗನ ಹಾಗೆ ಅದು ಅಲ್ಲಾಡುತ್ತಿರಲಿಲ್ಲ. ಒಂದು ದಿನ ರೋಸಿಹೋಗಿ, ಬೆನ್ನಿನ ಬದಲು ತಲೆಯೇ ಆ ಕಲ್ಲಿಗೆ ಬಡಿದಿದ್ದರೆ ಪೀಡೆ ಹೋಗುತ್ತಿತ್ತು ಎಂದುಬಿಟ್ಟೆ. ಕಾಲಿಗೆ ಎಣ್ಣೆ ಹಚ್ಚುತ್ತಿದ್ದ ಹೆಂಡತಿ ಕೈ ಒರೆಸಿಕೊಂಡು, ಗೋಡೆಯ ಗೂಡಿನಲ್ಲಿದ್ದ ನನ್ನ ನೋವಿನ ಗುಳಿಗೆಗಳನ್ನು ಅಡಿಗೆಮನೆಗೆ ಒಯ್ದಳು.

ನಮ್ಮ ಸಣ್ಣ ಸಭೆಯಲ್ಲಿ ಒಂದು ರೂಢಿಯಿದೆ. ಹಾಸಿಗೆ ಹಿಡಿದವರನ್ನು ನೋಡಲು ಹೋದವರು ಅವರಿಗಾಗಿ ಪ್ರಾರ್ಥಿಸಿ ಹಾಗೇ ಎದ್ದು ಬರುವುದಿಲ್ಲ. ತಮ್ಮದೂ ಒಂದು ಕಷ್ಟವನ್ನು ಹೇಳಿ, ಇದಕ್ಕಾಗಿ ನೀವು ಪ್ರಾರ್ಥಿಸಿ ಎಂದು ಒಪ್ಪಿಸಿ ಬರುತ್ತಾರೆ. ಇದಕ್ಕೆ ವಿಷಯ ಇಡುವುದು ಎನ್ನುತ್ತೇವೆ. ಮಲಗಿದವನಿಗೆ ದೇವರ ಹೊರತು ಬೇರೆ ಬಾಗಿಲಿಲ್ಲ, ಹಾಗಾಗಿ ಅವನ ಮಾತು ನೇರವಾಗಿ ಮುಟ್ಟುತ್ತದೆ ಎಂಬುದು ಹಿರಿಯರ ಲೆಕ್ಕ. ಎದ್ದು ಓಡಾಡುತ್ತಿದ್ದಾಗ ನಾನೂ ಹತ್ತಾರು ಕಡೆ ವಿಷಯ ಇಟ್ಟು ಬಂದವನೇ. ಈಗ ಸರದಿ ನನ್ನದಾಯಿತು.

ಒಬ್ಬರು ಎಮ್ಮೆಯ ವಿಷಯ ಇಟ್ಟರು. ಅವರು ಹೊಸಿಲು ದಾಟುವುದರೊಳಗೆ ನಾನು ಪಶುವೈದ್ಯರಿಗೆ ಫೋನ್ ಹಚ್ಚಿದ್ದೆ. ಇನ್ನೊಬ್ಬರು ಮಗಳ ವರ್ಗಾವಣೆಯ ವಿಷಯ ಇಟ್ಟರು. ಧಾರವಾಡದ ಕಚೇರಿಯಲ್ಲಿದ್ದ ಹಳೆಯ ಗೆಳೆಯನನ್ನು ಹಿಡಿದೆ. ಕಾಲು ಹೋದರೇನಾಯಿತು, ಫೋನ್ ಇದೆಯಲ್ಲ! ಮಂಚದ ಮೇಲೇ ಒಂದು ಕಾರ್ಯಾಲಯ ತೆರೆದವನಂತೆ ನನಗೆ ಸ್ವಲ್ಪ ಹುರುಪೂ ಬಂತು. ಪ್ರಾರ್ಥನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯಿತು.

ಸಭೆಯ ಹಿರಿಯಜ್ಜಿಯೊಬ್ಬರು ಬಂದರು. ಅವರ ತಮ್ಮ ದೇವಿಕೊಪ್ಪದಲ್ಲಿದ್ದಾನೆ. ತಾಯಿಯನ್ನು ಮಣ್ಣು ಮಾಡಿದ ದಿನ ಏನೋ ಮಾತಿಗೆ ಮಾತು ಬೆಳೆದು, ಅಂದಿನಿಂದ ಅಕ್ಕನ ಮನೆಯ ಕಡೆ ತಲೆ ಹಾಕಿಲ್ಲ. ಕ್ರಿಸ್ಮಸ್ಸಿಗೂ ಬರುವುದಿಲ್ಲ. ಅವನ ಮನಸ್ಸು ಕರಗಲಿ, ತಾನಾಗಿ ಬರಲಿ, ಇಷ್ಟೇ ಅಜ್ಜಿಯ ವಿಷಯ. ನನಗೆ ತಡೆಯಲಾಗಲಿಲ್ಲ. ಅದೇ ಸಂಜೆ ನಂಬರು ಹುಡುಕಿ ದೇವಿಕೊಪ್ಪಕ್ಕೆ ಫೋನ್ ಮಾಡಿ, ವಯಸ್ಸಾದ ಅಕ್ಕನನ್ನು ಹೀಗೆ ನೋಯಿಸುವುದು ಕ್ರೈಸ್ತನಿಗೆ ಶೋಭೆಯೇ ಎಂದು ಪಾಠ ಮಾಡಿದೆ. ಊರೆಲ್ಲ ನನ್ನ ಮಾನ ಹರಾಜು ಹಾಕುತ್ತಿದ್ದಾಳೇನು ಎಂದು ಆತ ಕೆರಳಿದ. ನನ್ನ ಫೋನ್ ಇಟ್ಟವನೇ ಅಕ್ಕನಿಗೆ ಫೋನ್ ಮಾಡಿ, ಇನ್ನು ನೀನು ಸತ್ತರೂ ಬರುವುದಿಲ್ಲ ಎಂದನಂತೆ.

ಮರುದಿನ ಅಜ್ಜಿ ಬಂದು ಮಂಚದ ಪಕ್ಕದಲ್ಲಿ ನಿಂತರು. ಕೂರಿ ಎಂದರೂ ಕೂರಲಿಲ್ಲ.

"ಫೋನ್ ಮಾಡಂತ ಹೇಳಿದ್ನೇನ ತಮ್ಮಾ ನಿನಗ? ದೇವರ ಕಡೆ ಬೇಡು ಅಂದಿದ್ದೆ. ಬೇಡಾಕ ಬರೂದಿಲ್ಲೇನ ನಿನಗ?"

ನಾನು ಒಳ್ಳೆಯದಕ್ಕೇ ಮಾಡಿದೆ ಎಂದೆ. ಅವರು ಕಣ್ಣೊರೆಸಿಕೊಂಡು ಹೋದರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಆ ಪ್ರಶ್ನೆ ಮಾತ್ರ ಬೆನ್ನಿನ ನೋವಿಗಿಂತ ಹೆಚ್ಚು ಕಾಡಿತು. ನಿಜಕ್ಕೂ ನನಗೆ ಬೇಡಲು ಬರುತ್ತಿರಲಿಲ್ಲ. ನನ್ನ ಕಾಲಿನ ಬಗ್ಗೆಯೂ ದೇವರ ಹತ್ತಿರ ನಾನು ಮಾಡುತ್ತಿದ್ದದ್ದು ವಾದ: ಇಷ್ಟು ಜನಕ್ಕೆ ಸಹಾಯ ಮಾಡಿದವನು, ನನಗೇ ಹೀಗೇಕೆ, ಕಾಲು ಕೊಟ್ಟರೆ ಇನ್ನೂ ಮಾಡುತ್ತೇನೆ. ಫೋನನ್ನು ದಿಂಬಿನ ಕೆಳಗೆ ಇಟ್ಟೆ. ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಅಜ್ಜಿಯ ತಮ್ಮನಿಗಾಗಿ ಕಣ್ಣು ಮುಚ್ಚಿದರೆ, ಅವನಿಗೆ ಇನ್ನೂ ಏನೇನು ಹೇಳಬಹುದಿತ್ತು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಬೇಡುವುದು ಇಷ್ಟು ಕಷ್ಟದ ಕೆಲಸವೆಂದು ಯಾರೂ ನನಗೆ ಹೇಳಿರಲಿಲ್ಲ.

ಹಾಗೇ ಒದ್ದಾಡುತ್ತಿದ್ದ ಒಂದು ಮಧ್ಯಾಹ್ನ ಮಳೆ ಹೊಡೆಯುತ್ತಿತ್ತು. ಕಿಂಡಿ ಮುಚ್ಚಿದ್ದರಿಂದ ಪಡಸಾಲೆ ಕತ್ತಲಾಗಿತ್ತು. ಬಂದುಹೋಗುವವರು ಯಾರೂ ಇಲ್ಲ. ಹೆಂಡತಿ ಎಡಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಅವಳ ಕೈ ಅಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ತಿಳಿಯುತ್ತಿರಲಿಲ್ಲ. ಆಗ ತಲೆ ಎತ್ತದೆಯೇ ಕೇಳಿದಳು.

"ನಾನೂ ಒಂದು ವಿಷಯ ಇಡ್ಲೇನ್ರಿ?"

ನಾನು ಬೆಚ್ಚಿದೆ. ಊರವರ ವಿಷಯವೆಲ್ಲ ನನ್ನ ತಲೆಯ ಮೇಲಿತ್ತು. ಹಗಲೂ ರಾತ್ರಿ ನನ್ನನ್ನು ಎತ್ತಿ ಇಳಿಸುವ ಇವಳಿಗೂ ಒಂದು ವಿಷಯ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಇಡು ಎಂದೆ.

"ಕಾಲು ಬರ್ಲಿಲ್ಲಂದ್ರ ನೀವು ಬದುಕೂದ ಬ್ಯಾಡ ಅಂತೀರೇನೋ ಅಂತ ನನಗ ಅಂಜಿಕಿ ಆಗೇತ್ರಿ. ಕಾಲಿಂದು ದೇವರು ನೋಡ್ಕೊಳ್ಳಲಿ. ಕಾಲಿಲ್ಲದಿದ್ರೂ ನೀವು ನನ್ನ ಜೋಡಿ ಇರಬೇಕು. ಅದನ್ನ ಬೇಡ್ರಿ."

ಗೂಡಿನಲ್ಲಿರುತ್ತಿದ್ದ ನನ್ನ ನೋವಿನ ಗುಳಿಗೆಗಳನ್ನು ಅವಳು ಅಡಿಗೆಮನೆಗೆ ಒಯ್ದು ಇಟ್ಟದ್ದು ಯಾಕೆಂದು ಆಗ ತಿಳಿಯಿತು. ಒಂದೊಂದು ಗುಳಿಗೆಗೂ ಕೂಗಬೇಕಲ್ಲ ಎಂದು ನಾನು ರೇಗುತ್ತಿದ್ದೆ, ಅವಳು ಬೈಸಿಕೊಳ್ಳುತ್ತಿದ್ದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಯಾಕೆಂದರೆ ಅವಳ ಅಂಜಿಕೆ ಸುಳ್ಳಾಗಿರಲಿಲ್ಲ. ಈ ವಿಷಯಕ್ಕೆ ಯಾರಿಗೆ ಫೋನ್ ಮಾಡುವುದು? ಇಲ್ಲ, ಹಾಗೇನೂ ಆಗುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎನ್ನಲು ಬಾಯಿ ತೆರೆದೆ. ಆದರೆ ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಎಣ್ಣೆಯಾದ ಅವಳ ಕೈ ಹಿಡಿದುಕೊಂಡೆ.

"ಕರ್ತಾ, ಇದು ನನ್ನ ಕೈಲೆ ಆಗೂದಿಲ್ಲ. ನೀನ ಹಿಡಕೋ," ಎಂದೆ. ಅವಳು ಆಮೆನ್ ಎಂದಳು.

ಅಜ್ಜಿಯ ತಮ್ಮ ಇನ್ನೂ ಬಂದಿಲ್ಲ. ನಾನು ಬೇಡುವುದನ್ನು ಬಿಟ್ಟಿಲ್ಲ, ಫೋನ್ ಮಾಡಬೇಕೆನ್ನುವ ಚಪಲವೂ ನನ್ನನ್ನು ಬಿಟ್ಟಿಲ್ಲ. ಬೆನ್ನಿನ ಎಲುಬು ಕೂಡಿಕೊಂಡಿತು. ಈಗ ಎಡಪಾದ ಜೋತು ಬೀಳದಂತೆ ಬೂಟಿನೊಳಗೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗುತ್ತೇನೆ, ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಸೀಟಿ ಊದುತ್ತೇನೆ. ಮಕ್ಕಳು ಓಡುವಾಗ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ಕಾಲು ಬರಲಿಲ್ಲ. ಅವಳು ಬೇಡಿದ್ದು ಸಿಕ್ಕಿದೆ, ಆದರೆ ಅದನ್ನು ದಿನಾ ಬೆಳಗ್ಗೆ ಬೂಟು ಹಾಕಿಕೊಳ್ಳುವ ಮೊದಲು ಹೊಸದಾಗಿ ಬೇಡಿಕೊಳ್ಳಬೇಕು.